ಮಳೆ ರಜೆ: ಮಕ್ಕಳಿಗೆ ನಾಲ್ಕು ದಿನ, ಶಿಕ್ಷಕರಿಗೆ ಎಷ್ಟು?

ಜುಲೈ ಬಂತೆಂದರೆ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಕೊಡಗು ಮತ್ತು ಮಲೆನಾಡಿನ ತಾಲ್ಲೂಕುಗಳಲ್ಲಿ ರಾತ್ರಿ ಎಂಟೂವರೆಯ ಮೇಲೆ ಎಲ್ಲರದೂ ಒಂದೇ ಪ್ರಶ್ನೆ: ನಾಳೆ ರಜೆ ಉಂಟಾ? ಜಿಲ್ಲಾಧಿಕಾರಿಯ ಆದೇಶ ಬಂದರೆ ಮಕ್ಕಳ ಮಟ್ಟಿಗೆ ಮಾತು ಮುಗಿಯಿತು. ಶಿಕ್ಷಕರ ಮಟ್ಟಿಗೆ ಆಗ ಶುರು. ಶಾಲೆಗೆ ಹೋಗಬೇಕೋ ಬೇಡವೋ, ಹಾಜರಿ ಪುಸ್ತಕದಲ್ಲಿ ಏನು ಬರೆಯಬೇಕು, ತಂದಿಟ್ಟ ತರಕಾರಿ ಏನಾಗಬೇಕು, ಹೋದ ಪಾಠ ಯಾವಾಗ ಆಗಬೇಕು? ಇವಕ್ಕೆ ಆ ಆದೇಶದಲ್ಲಿ ಬಹುತೇಕ ಉತ್ತರ ಇರುವುದಿಲ್ಲ.

ಕರಾವಳಿಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ನಾಲ್ಕು ದಿನಗಳ ಪ್ರಕರಣ ಇಲ್ಲಿದೆ. ಇದು ಒಂದೇ ಊರಿನ ಕತೆಯಲ್ಲ, ಈ ಭಾಗದ ಶಾಲೆಗಳಲ್ಲಿ ಮಳೆಗಾಲದಲ್ಲಿ ಆಗುವುದನ್ನು ಒಟ್ಟುಗೂಡಿಸಿ ಕಟ್ಟಿದ ಮಾದರಿ. ಶಾಲೆಯಲ್ಲಿ 1ರಿಂದ 7ನೇ ತರಗತಿವರೆಗೆ 94 ಮಕ್ಕಳು. 1–5ರಲ್ಲಿ 58, 6–7ರಲ್ಲಿ 36. ಮುಖ್ಯ ಶಿಕ್ಷಕರು, ನಾಲ್ವರು ಸಹಶಿಕ್ಷಕರು, ಒಬ್ಬರು ಅತಿಥಿ ಶಿಕ್ಷಕಿ. ಮುಖ್ಯ ಶಿಕ್ಷಕರ ಮನೆ 14 ಕಿ.ಮೀ. ದೂರ, ಇನ್ನೊಬ್ಬರದು 22 ಕಿ.ಮೀ. ಊರಿನಲ್ಲೇ ಇರುವವರು ಒಬ್ಬ ಶಿಕ್ಷಕಿ ಮಾತ್ರ. ಹಂಚಿನ ಮಾಡಿನ ಹಳೆ ಕಟ್ಟಡ, ಪಕ್ಕದಲ್ಲಿ ಎರಡು ತಾರಸಿ ಕೋಣೆ, ಹಿಂದೆ ಧರೆ (ಗುಡ್ಡದ ಕಡಿದಾದ ಮಣ್ಣಿನ ಬದಿ), ಮುಂದೆ ಬಾವಿ. ಸುಮಾರು 20 ಮಕ್ಕಳು ತೋಡಿನ, ಅಂದರೆ ಹಳ್ಳದ, ಆಚೆಯಿಂದ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ದಾಟಿ ಬರುತ್ತಾರೆ.

ಮಂಗಳವಾರ ಮಧ್ಯಾಹ್ನ: ಬಿಡಬೇಕೋ, ಇಟ್ಟುಕೊಳ್ಳಬೇಕೋ

ಸೋಮವಾರ ಸಂಜೆಯೇ ಹವಾಮಾನ ಇಲಾಖೆ ಜಿಲ್ಲೆಗೆ ಆರೆಂಜ್ ಅಲರ್ಟ್ ಕೊಟ್ಟಿತ್ತು. 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಇಲಾಖೆಯ ಲೆಕ್ಕದಲ್ಲಿ ಅದು ಭಾರಿ ಮಳೆ, 115.6ರಿಂದ 204.4 ಆದರೆ ಅತಿ ಭಾರಿ, ಅದಕ್ಕೂ ಮೇಲೆ ಹೋದರೆ ಅತ್ಯಂತ ಭಾರಿ. ಬಣ್ಣ ಮಾತ್ರ ಬರೀ ಮಿಲಿಮೀಟರಿನದಲ್ಲ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮಕ್ಕೆ ಇಳಿಯಿರಿ. ಆರೆಂಜ್ ಬಂದ ಕೂಡಲೇ ರಜೆ ಎಂಬ ನಿಯಮ ಎಲ್ಲೂ ಇಲ್ಲ. ರಜೆ ಕೊಡುವವರು ಜಿಲ್ಲಾಧಿಕಾರಿ, 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರಾಗಿ. ಕೆಲವು ಸಲ ಇಡೀ ಜಿಲ್ಲೆಗೆ, ಕೆಲವು ಸಲ ತಾಲ್ಲೂಕಿಗೆ. ಇನ್ನು ಕೆಲವು ಸಲ ಸ್ಥಳೀಯ ಸ್ಥಿತಿ ನೋಡಿ ನಿರ್ಧರಿಸಿ ಎಂದು ತಹಶೀಲ್ದಾರ್, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅಥವಾ ಮುಖ್ಯ ಶಿಕ್ಷಕರಿಗೇ ಬಿಡುವುದುಂಟು.

ಮಂಗಳವಾರ ಶಾಲೆ ಇತ್ತು. ಹನ್ನೊಂದೂವರೆಯ ಹೊತ್ತಿಗೆ ಮಳೆ ಬಿರುಸಾಯಿತು. ಗೇಟಿಗೆ ಬಂದ ಇಬ್ಬರು ಪೋಷಕರು, “ಸರ್, ಬೇಗ ಬಿಟ್ಟುಬಿಡಿ, ತೋಡು ಏರುತ್ತಿದೆ” ಎಂದರು. ಕೇಳಿದರೆ ನ್ಯಾಯದ ಮಾತೇ. ಆದರೆ ಮಳೆಗಾಲದ ಶಾಲಾ ದಿನದಲ್ಲಿ ಅತಿ ಅಪಾಯದ ಹೊತ್ತು ಎಂದರೆ ಮಕ್ಕಳು ಮನೆ ದಾರಿ ಹಿಡಿಯುವ ಹೊತ್ತು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡು ಬಳಿ ಶಾಲೆಯಿಂದ ಮರಳುತ್ತಿದ್ದ 2ನೇ ತರಗತಿಯ ಬಾಲಕಿ ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. 2023ರ ಜುಲೈ 3ರಂದು ಕಾಸರಗೋಡು ಜಿಲ್ಲೆಯ ಅಂಗಡಿಮೊಗರಿನಲ್ಲಿ ಶಾಲೆ ಬಿಟ್ಟು ಹೊರಟ ಬಾಲಕಿಯ ಮೇಲೆ ಮರ ಉರುಳಿತು. ಎರಡೂ ಕಡೆ ಮಕ್ಕಳು ತರಗತಿಯ ಒಳಗಿರಲಿಲ್ಲ, ದಾರಿಗೆ ಹೊರಟಿದ್ದರು.

ಮಧ್ಯದಲ್ಲಿ ಶಾಲೆ ಬಿಡುವ ತೀರ್ಮಾನಕ್ಕೆ ಮೊದಲು ಮುಖ್ಯ ಶಿಕ್ಷಕರು ಮೂರು ವಿಷಯ ತಿಳಿದುಕೊಂಡಿರಬೇಕು: ತೋಡಿನ ನೀರು ಈಗ ಎಲ್ಲಿದೆ, ಈ ಹೊತ್ತಿಗೆ ಬಸ್ಸು ಇದೆಯೇ, ಮನೆಯಲ್ಲಿ ದೊಡ್ಡವರು ಇದ್ದಾರೆಯೇ. ಮೂರನೆಯದನ್ನು ಮರೆಯುವವರೇ ಹೆಚ್ಚು. ತಂದೆ ತಾಯಿ ಕೂಲಿಗೆ ಹೋಗಿದ್ದರೆ ಹನ್ನೆರಡಕ್ಕೆ ಮನೆ ಸೇರಿದ ಮಗು ಸಂಜೆವರೆಗೆ ತೋಡಿನ ಬದಿಯಲ್ಲಿ ಒಂಟಿ. ಈ ಶಾಲೆಯವರು ಮಾಡಿದ್ದು ಹೀಗೆ. ಊಟ ಬೇಗ ಬಡಿಸಿದರು, 12.15ಕ್ಕೆ. ಪಂಚಾಯತ್ ಸದಸ್ಯರಿಗೆ ಫೋನ್ ಮಾಡಿ ಕಾಲುಸಂಕದ ಸ್ಥಿತಿ ಕೇಳಿದರು. ಧರೆಗೆ ತಾಗಿದ ಹಿಂದಿನ ಕೋಣೆಯ ಮಕ್ಕಳನ್ನು ತಾರಸಿ ಕೋಣೆಗೆ ತಂದು ಕೂರಿಸಿದರು. ಪೋಷಕರು ಬಂದ ಹಾಗೆ ಅವರವರ ಮಕ್ಕಳನ್ನು ಕಳಿಸಿ, ಒಂದು ನೋಟ್‌ಬುಕ್ಕಿನಲ್ಲಿ ಮಗುವಿನ ಹೆಸರು, ಯಾರ ಕೈಗೆ, ಎಷ್ಟು ಗಂಟೆಗೆ, ಸಹಿ ಎಂದು ಬರೆಸಿದರು. ತೋಡಾಚೆಯ ಮಕ್ಕಳನ್ನು ಇಬ್ಬರು ಶಿಕ್ಷಕರು ಮೂವರು ಪೋಷಕರ ಜೊತೆ ರಸ್ತೆಯ ಸುತ್ತುದಾರಿಯಲ್ಲಿ ಬಿಟ್ಟು ಬಂದರು. ಕಾಲುಸಂಕದ ಮೇಲೆ ಒಂದು ಮಗುವನ್ನೂ ಬಿಡಲಿಲ್ಲ. ಕೊನೆಯ ಮಗು ಹೊರಟದ್ದು ಸಂಜೆ 4.40ಕ್ಕೆ. ಕೊನೆಯ ಮಗು ಹೋಗುವವರೆಗೆ ಕನಿಷ್ಠ ಇಬ್ಬರು ಶಿಕ್ಷಕರು ಇರಬೇಕು, ಒಬ್ಬರಲ್ಲ. ಒಬ್ಬರು ಮಗುವಿನ ಜೊತೆ ಹೊರಗೆ ಹೋದರೆ ಉಳಿದವರನ್ನು ನೋಡುವವರು ಬೇಕಲ್ಲ.

ಹೊರಡುವ ಮುಂಚೆ ಮೇನ್ ಸ್ವಿಚ್ ಆಫ್, ಕಂಪ್ಯೂಟರಿನ ಪ್ಲಗ್ ತೆಗೆದಿಡುವುದು, ದಾಖಲೆ ಪುಸ್ತಕಗಳನ್ನು ಕಪಾಟಿನ ಮೇಲಿನ ತಟ್ಟೆಗೆ ಏರಿಸುವುದು, ಅಕ್ಕಿ ಮೂಟೆ ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇದೆಯೇ ನೋಡುವುದು. ಹತ್ತು ನಿಮಿಷದ ಕೆಲಸ. ಅಂದು ಮಾಡದಿದ್ದರೆ ಮುಂದಿನ ನಾಲ್ಕು ದಿನ ಮಾಡುವವರು ಯಾರೂ ಇರುವುದಿಲ್ಲ.

ಆದೇಶ ಬಂದ ಮೇಲೆ

ಬುಧವಾರದ ರಜೆಯ ಆದೇಶ ಮಂಗಳವಾರ ರಾತ್ರಿ 8.40ಕ್ಕೆ ಬಂತು. ಜಿಲ್ಲಾಧಿಕಾರಿಯಿಂದ ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು), ಅಲ್ಲಿಂದ ಬಿಇಒ, ಸಿಆರ್‌ಪಿ (ಸುತ್ತಲಿನ ಶಾಲೆಗಳ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ), ಮುಖ್ಯ ಶಿಕ್ಷಕರು, ತರಗತಿ ಶಿಕ್ಷಕರು, ಪೋಷಕರು. ಇದು ಸರಪಳಿ. ಊರಿನ ವಾಟ್ಸ್ಆ್ಯಪ್ ಗುಂಪಿಗೆ ಅದು ಸರಪಳಿಗಿಂತ ಮೊದಲೇ ತಲುಪಿರುತ್ತದೆ, ಕೆಲವೊಮ್ಮೆ ಹೋದ ವರ್ಷದ್ದು. ಹಳೆ ಆದೇಶದ ಚಿತ್ರದಲ್ಲಿ ತಾರೀಖು ತಿದ್ದಿ ಹಂಚುವ ಕಿಡಿಗೇಡಿತನ ಪ್ರತಿ ಮಳೆಗಾಲದ ಪಿಡುಗು. ಹಾಗಾಗಿ ಮುಂದಕ್ಕೆ ಕಳಿಸುವ ಮೊದಲು ದಿನಾಂಕದ ಜೊತೆ ವಾರವೂ ಹೊಂದುತ್ತದೆಯೇ, ಆದೇಶ ಸಂಖ್ಯೆ ಇದೆಯೇ, ತಮ್ಮ ತಾಲ್ಲೂಕಿನ ಹೆಸರು ಇದೆಯೇ, ಯಾವ ಹಂತದವರೆಗೆ ಎಂಬುದನ್ನು ನೋಡಬೇಕು. ಅಂಗನವಾಡಿಯಿಂದ ಪಿಯುವರೆಗೆ ಎಂದಿದ್ದರೆ ಪದವಿ ಕಾಲೇಜು ಸೇರಿಲ್ಲ. ಅಕ್ಕ ಕಾಲೇಜಿಗೆ, ತಮ್ಮ ಮನೆಯಲ್ಲಿ ಎಂಬ ಪರಿಸ್ಥಿತಿ ಇರುವ ಮನೆಗಳಿಗೆ ಈ ವಿವರ ಬೇಕು.

94 ಮಕ್ಕಳು ಅಂದರೆ 61 ಮನೆ. ಅದರಲ್ಲಿ 49 ಮನೆ ವಾಟ್ಸ್ಆ್ಯಪ್ ಗುಂಪಿನಲ್ಲಿ. ಉಳಿದ 12ರಲ್ಲಿ 7ಕ್ಕೆ ಫೋನ್ ಕರೆ, 5ಕ್ಕೆ ಪಕ್ಕದ ಮನೆಯವರ ಮೂಲಕ. ಈ ಪಟ್ಟಿ ಜೂನ್ ಮೊದಲ ವಾರದಲ್ಲೇ ಸಿದ್ಧವಾಗಬೇಕು, ಯಾರಿಗೆ ಯಾರು ಕರೆ ಮಾಡುವುದು ಎಂಬ ಹಂಚಿಕೆಯ ಸಮೇತ. ಗುಂಪಿನಲ್ಲಿ ಬರೀ ಆದೇಶದ ಚಿತ್ರ ಹಾಕಿದರೆ ಸಾಲದು, ಓದಿ ಅರ್ಥ ಮಾಡಿಕೊಳ್ಳಲಾಗದ ಮನೆಗಳಿರುತ್ತವೆ. ಈ ಶಾಲೆ ಜೊತೆಗೊಂದು ಧ್ವನಿ ಸಂದೇಶ ಕಳಿಸಿತು: “ನಾಳೆ ಬುಧವಾರ ಶಾಲೆಗೆ, ಅಂಗನವಾಡಿಗೆ ರಜೆ. ಮಕ್ಕಳನ್ನು ತೋಡು, ಕೆರೆ ಕಡೆ ಬಿಡಬೇಡಿ. ಗುರುವಾರದ ವಿಷಯ ನಾಳೆ ರಾತ್ರಿ ಹೇಳುತ್ತೇವೆ.” ಇಷ್ಟೇ ಸಾಕು.

ಪೋಷಕರಿಗಿಂತ ಮೊದಲು ಕರೆ ಹೋಗಬೇಕಾದ್ದು ಅಡುಗೆಯವರಿಗೆ. ಬೇಳೆ ನೆನೆ ಹಾಕುವುದು, ತರಕಾರಿ ತರುವುದು ಅವರ ಕೈಯಲ್ಲಿ.

ಗುರುವಾರದ ತೊಂದರೆ

ಬುಧವಾರ ರಾತ್ರಿ ಹತ್ತರವರೆಗೆ ಏನೂ ಬರಲಿಲ್ಲ. ನಾಳೆ ಶಾಲೆ ಇದೆ ಎಂದು ಮುಖ್ಯ ಶಿಕ್ಷಕರು ತಿಳಿಸಿದರು. ಬೆಳಗಿನ ಜಾವ ಮಳೆ ಮತ್ತೆ ಹಿಡಿದು, ಆದೇಶ ಬಂದದ್ದು 7.10ಕ್ಕೆ. ಅಷ್ಟರಲ್ಲಿ ಕಾಡುದಾರಿಯಲ್ಲಿ ನಡೆದು ಬರುವ ಮಕ್ಕಳು ಕೊಡೆ ಹಿಡಿದು ಹೊರಡಲು ಅಣಿಯಾಗಿದ್ದರು, ಅವರ ಅಪ್ಪಂದಿರು ರಬ್ಬರ್ ಟ್ಯಾಪಿಂಗ್ ಇಲ್ಲದ ದಿನವೆಂದು ಪೇಟೆಗೆ ಹೋಗಿದ್ದರು, ಫೋನ್ ಅವರ ಜೇಬಿನಲ್ಲಿತ್ತು. 8.50ರ ಹೊತ್ತಿಗೆ ಗೇಟಿನ ಮುಂದೆ 9 ಮಕ್ಕಳು.

ಊರಿನಲ್ಲೇ ಇರುವ ಶಿಕ್ಷಕಿ 8.30ಕ್ಕೇ ಬಂದು ನಿಂತಿದ್ದರಿಂದ ಕೆಲಸ ಕೆಡಲಿಲ್ಲ. ಅವರು ಗೇಟಿನಲ್ಲೇ “ರಜೆ, ಮನೆಗೆ ಹೋಗಿ” ಎನ್ನಲಿಲ್ಲ. ಒಳಗೆ ಕರೆದು, ಒದ್ದೆ ತಲೆ ಒರೆಸಿಸಿ, ಒಬ್ಬೊಬ್ಬರ ಮನೆಗೆ ಕರೆ ಮಾಡಿದರು. ಹಿಂದಿನ ದಿನ ತಂದಿಟ್ಟ ಬಾಳೆಹಣ್ಣು ಕೊಟ್ಟರು. ಕೊನೆಯ ಇಬ್ಬರನ್ನು ಕರೆದೊಯ್ಯಲು ಅಜ್ಜಿ ಬಂದಾಗ 11.20. ರಜೆ ಎಂದು ತಿಳಿಯದೆ ಬಂದ ಮಗು ಶಾಲೆಯ ಆವರಣಕ್ಕೆ ಕಾಲಿಟ್ಟ ಮೇಲೆ ಶಾಲೆಯ ಹೊಣೆಯಲ್ಲಿರುವ ಮಗುವೇ. ಆದೇಶದ ಹೊತ್ತು ತೋರಿಸಿ ಆ ಹೊಣೆ ಕಳಚಿಕೊಳ್ಳಲು ಬರುವುದಿಲ್ಲ.

ಇದರಿಂದ ಹೊರಡುವ ಪಾಠ ಸರಳ. ಬೆಳಗ್ಗೆ ಬಂದ ಆದೇಶಕ್ಕೂ ರಾತ್ರಿ ಬಂದ ಆದೇಶಕ್ಕೂ ಬೇರೆ ಬೇರೆ ಏರ್ಪಾಡು ಬೇಕು. ರಾತ್ರಿ ಬಂದರೆ ಯಾರೂ ಶಾಲೆಗೆ ಬರಬೇಕಿಲ್ಲ. ಬೆಳಗ್ಗೆ 6.30ರ ನಂತರ ಬಂದರೆ ಶಾಲೆಗೆ ಅತಿ ಹತ್ತಿರವಿರುವ ಒಬ್ಬರು, ಸಾಧ್ಯವಾದರೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಒಬ್ಬರ ಜೊತೆ, ಶಾಲೆ ಆರಂಭದ ಒಂದು ಗಂಟೆ ಮುಂಚಿನಿಂದ ಹತ್ತೂವರೆವರೆಗೆ, ಇಲ್ಲವೇ ಬಂದ ಕೊನೆಯ ಮಗು ಹೋಗುವವರೆಗೆ ಇರಬೇಕು. ಹತ್ತಿರವಿರುವವರು ಒಬ್ಬರೇ ಆದರೆ ಪ್ರತಿ ಸಲ ಅವರ ತಲೆಗೇ ಬೀಳುತ್ತದೆ. ಅದಕ್ಕೆ ಸಮನಾಗಿ ಬೇರೆ ಕೆಲಸದಲ್ಲಿ, ಉದಾಹರಣೆಗೆ ಶನಿವಾರದ ಹೆಚ್ಚುವರಿ ತರಗತಿಗಳಲ್ಲಿ, ಅವರಿಗೆ ಬಿಡುವು ಕೊಡುವುದು ನ್ಯಾಯ. ಬಹಳ ಶಾಲೆಗಳಲ್ಲಿ ಹೀಗೆ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು.

ಶಿಕ್ಷಕರು ಬರಬೇಕೇ?

ಅದೇ ಗುರುವಾರ 7.40ಕ್ಕೆ ಸಿಆರ್‌ಪಿ ಗುಂಪಿನಲ್ಲಿ ಒಂದು ಸಾಲು ಕಾಣಿಸಿಕೊಂಡಿತು: ಮಕ್ಕಳಿಗೆ ಮಾತ್ರ ರಜೆ, ಶಿಕ್ಷಕರು ಹಾಜರಿರಬೇಕು. ಯಾರ ಸೂಚನೆ, ಯಾವ ಆದೇಶ ಎಂದು ಇರಲಿಲ್ಲ. ಇಬ್ಬರು ಬಂದರು. ಒಬ್ಬರು 22 ಕಿ.ಮೀ. ಸ್ಕೂಟರಿನಲ್ಲಿ, ರಸ್ತೆಗೆ ಬಿದ್ದ ಮರ ತೆರವಾಗುವವರೆಗೆ ಮುಕ್ಕಾಲು ಗಂಟೆ ಕಾದು. ಇನ್ನಿಬ್ಬರು ಬರಲಿಲ್ಲ. ಹಾಜರಿ ಪುಸ್ತಕದ ಮುಂದೆ ಮುಖ್ಯ ಶಿಕ್ಷಕರಿಗೆ ಇಕ್ಕಟ್ಟು. ಬಂದವರಿಗೆ ಸಹಿ, ಬಾರದವರಿಗೆ ಸಾಂದರ್ಭಿಕ ರಜೆ ಹಾಕಬೇಕೇ?

ಆದೇಶಗಳ ಒಕ್ಕಣೆ ಮೂರು ಬಗೆ. “ಶಾಲೆಗಳಿಗೆ ರಜೆ ಘೋಷಿಸಲಾಗಿದೆ” ಎಂದಷ್ಟೇ ಇದ್ದರೆ ಇಡೀ ಶಾಲೆಗೇ ರಜೆ ಎಂದು ಓದುವುದು ರೂಢಿ. ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಮಳೆ ರಜೆ, ಆದೇಶ ಸಂಖ್ಯೆ, ದಿನಾಂಕ ಬರೆದರೆ ಮುಗಿಯಿತು. “ವಿದ್ಯಾರ್ಥಿಗಳಿಗೆ ರಜೆ, ಶಿಕ್ಷಕರು ಕರ್ತವ್ಯದಲ್ಲಿರತಕ್ಕದ್ದು” ಎಂದು ಬರೆದಿದ್ದರೆ ಬರಲೇಬೇಕು. ಬಾರದಿದ್ದರೆ ರಜಾ ಅರ್ಜಿ. ಮೂರನೆಯದು ಮುಖ್ಯ ಶಿಕ್ಷಕರು ಮಾತ್ರ ಕೇಂದ್ರಸ್ಥಾನ ಬಿಡಬಾರದು, ಫೋನಿನಲ್ಲಿ ಸಿಗಬೇಕು ಎನ್ನುವುದು. ಗುರುವಾರದ ಮೂಲ ಆದೇಶ ಮೊದಲ ಬಗೆಯದು, ಗುಂಪಿನ ಸಾಲು ಎರಡನೆಯದರ ಧಾಟಿಯದು. ಇಂಥಲ್ಲಿ ಮುಖ್ಯ ಶಿಕ್ಷಕರು ತಾವೇ ತೀರ್ಪು ಕೊಡಲು ಹೋಗಬಾರದು. ಈ ಮುಖ್ಯ ಶಿಕ್ಷಕರು ಬಿಇಒ ಕಚೇರಿಗೆ ಆದೇಶದ ಪ್ರತಿಯನ್ನೂ ಗುಂಪಿನ ಸಂದೇಶವನ್ನೂ ಒಟ್ಟಿಗೆ ಕಳಿಸಿ, ಶಿಕ್ಷಕರ ಹಾಜರಿ ಕಡ್ಡಾಯವೇ ಎಂದು ಒಂದು ಸಾಲು ಬರೆದು ಕೇಳಿದರು. ಮಧ್ಯಾಹ್ನ ಉತ್ತರ ಬಂತು: ಕಡ್ಡಾಯವಲ್ಲ. ಐವರಿಗೂ ಅತಿಥಿ ಶಿಕ್ಷಕಿಗೂ ಒಂದೇ ರೀತಿ ಮಳೆ ರಜೆ ಎಂದು ದಾಖಲಾಯಿತು. ಬಂದ ಇಬ್ಬರ ಹೆಸರು, ಮಾಡಿದ ಕೆಲಸ ಷರಾದಲ್ಲಿ ಸೇರಿತು.

ಈ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟ. ಮಳೆಯಿಂದ ಹೋದ ದಿನವನ್ನು ಮುಂದೆ ಶನಿವಾರ, ಭಾನುವಾರ ಅಥವಾ ದಸರಾ ರಜೆಯಲ್ಲಿ ತುಂಬಿಕೊಡಬೇಕು ಎಂಬುದು ಇಲಾಖೆಯ ನಿಲುವು. ಹಾಗಾದರೆ ಅದು ಶಿಕ್ಷಕರಿಗೆ ರಜೆ ಅಲ್ಲವೇ ಅಲ್ಲ, ಮುಂದೂಡಿದ ಕೆಲಸದ ದಿನ. ಇಂದೂ ಬನ್ನಿ, ಮುಂದೆಯೂ ತುಂಬಿಕೊಡಿ ಎಂದರೆ ಒಂದೇ ದಿನವನ್ನು ಎರಡು ಸಲ ಕೇಳಿದಂತೆ. ಮಕ್ಕಳು ಓಡಾಡಲು ಅಪಾಯ ಎಂದು ತೀರ್ಮಾನಿಸಿದ ರಸ್ತೆ ಶಿಕ್ಷಕರ ಸ್ಕೂಟರಿಗೆ ಸುರಕ್ಷಿತವಾಗುವುದೂ ಇಲ್ಲ. ನಿರ್ದಿಷ್ಟ ಕೆಲಸವಿದ್ದರೆ, ನಿರ್ದಿಷ್ಟ ಹೆಸರು ಹಾಕಿ, ಇಷ್ಟು ಗಂಟೆಯಿಂದ ಇಷ್ಟರವರೆಗೆ ಎಂದು ಬರೆದು ಕರೆಯಬೇಕು. ಸುಮ್ಮನೆ ಬಂದು ಕುಳಿತಿರಿ ಎನ್ನುವುದರಿಂದ ಖಾಲಿ ಕೋಣೆಯಲ್ಲಿ ದಾಖಲೆ ತಿದ್ದುವುದು ಬಿಟ್ಟು ಬೇರೇನೂ ಆಗುವುದಿಲ್ಲ.

ಮಕ್ಕಳ ಹಾಜರಿಯಲ್ಲಿ ಮತ್ತೊಂದು ತಪ್ಪು ನುಸುಳುತ್ತದೆ. ಗುರುವಾರ ಬಂದ 9 ಮಕ್ಕಳಿಗೆ ಹಾಜರಿ, 85 ಮಕ್ಕಳಿಗೆ ಗೈರು ಹಾಕಿಬಿಟ್ಟರೆ ಆ ತಿಂಗಳ ಶೇಕಡಾವಾರು ಹಾಜರಿ ಬಿದ್ದುಹೋಗುತ್ತದೆ. ರಜೆಯ ದಿನ ರಜೆಯೇ. ಬಂದ ಮಕ್ಕಳ ವಿವರ ಬೇರೆ ನೋಟ್‌ಬುಕ್ಕಿಗೆ.

ಶುಕ್ರವಾರ: ಶಾಲೆಗೆ ಬಂದ ನಾಲ್ಕು ಕುಟುಂಬ

ಗುರುವಾರ ರಾತ್ರಿ ಊರಿನ ಇನ್ನೊಂದು ಮೂಲೆಯಲ್ಲಿ ಧರೆ ಜರಿಯಿತು. ಶುಕ್ರವಾರ ಬೆಳಗ್ಗೆ ಗ್ರಾಮ ಆಡಳಿತಾಧಿಕಾರಿ ಫೋನ್ ಮಾಡಿ, ನಾಲ್ಕು ಕುಟುಂಬಗಳಿಗೆ ಕಾಳಜಿ ಕೇಂದ್ರ (ಸಂತ್ರಸ್ತರ ತಾತ್ಕಾಲಿಕ ಆಸರೆ) ತೆರೆಯಬೇಕು, ಬೀಗದ ಕೈ ಕೊಡಿ ಎಂದರು. ಸರ್ಕಾರಿ ಶಾಲೆಗಳು ಇಂಥ ಹೊತ್ತಿನಲ್ಲಿ ಊರಿನ ಆಸರೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲೂ 2019ರ ಆಗಸ್ಟ್‌ನ ಪ್ರವಾಹದಲ್ಲೂ ಹಾಗೇ ಆಯಿತು.

ಶಿಕ್ಷಕರು ಇಂಥ ಕೆಲಸ ಮಾಡಬೇಕೇ ಎಂಬುದಕ್ಕೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ನೇರ ಉತ್ತರ ಕೊಡುತ್ತದೆ. ಶಿಕ್ಷಕರನ್ನು ಬೋಧನೆಯಲ್ಲದ ಕೆಲಸಕ್ಕೆ ಹಚ್ಚಬಾರದು. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರಕ್ಕೆ ಮಾತ್ರ ವಿನಾಯಿತಿ. ಅಂದರೆ ಕಾಳಜಿ ಕೇಂದ್ರದ ಕೆಲಸವನ್ನು “ಇದು ನಮ್ಮದಲ್ಲ” ಎನ್ನಲು ಬರುವುದಿಲ್ಲ. ಆದರೆ ಕೇಂದ್ರ ನಡೆಸುವ ಹೊಣೆ ಕಂದಾಯ ಇಲಾಖೆ ಮತ್ತು ಗ್ರಾಮ ಪಂಚಾಯತಿಯದು. ಊಟ, ಹಾಸಿಗೆ, ವೈದ್ಯಕೀಯ ವ್ಯವಸ್ಥೆ ತಹಶೀಲ್ದಾರ್ ಮತ್ತು ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ನೋಡಿಕೊಳ್ಳಬೇಕು. ಶಿಕ್ಷಕರನ್ನು ನಿಯೋಜಿಸಿದರೆ ಹೆಸರು ಹಾಕಿದ ಲಿಖಿತ ಆದೇಶ ಇರಬೇಕು. ತುರ್ತಿನಲ್ಲಿ ಬಾಯಿಮಾತಿಗೆ ಬಾಗಿಲು ತೆರೆಯಿರಿ, ಕಾಗದ ಸಂಜೆಯೊಳಗೆ ಪಡೆಯಿರಿ.

ಇಲ್ಲಿ ಕೊಟ್ಟದ್ದು ಎರಡು ತಾರಸಿ ಕೋಣೆ ಮತ್ತು ಶೌಚಾಲಯ ಮಾತ್ರ. ಕಚೇರಿ, ದಾಸ್ತಾನು ಕೋಣೆಗೆ ಬೀಗ. ಹಂಚಿನ ಕಟ್ಟಡ ಕೊಡಲಿಲ್ಲ, ಅದರ ಹಿಂದೆಯೇ ಧರೆ ಇದೆ. ಒಂದು ಧರೆಯಿಂದ ತಪ್ಪಿಸಿಕೊಂಡು ಬಂದವರನ್ನು ಇನ್ನೊಂದರ ಬುಡದಲ್ಲಿ ಮಲಗಿಸುವುದು ಬೇಡ. ಡೆಸ್ಕು, ಬೆಂಚು, ಕೊಡಪಾನ ಎಣಿಸಿ ಪಟ್ಟಿಗೆ ಸಹಿ ಹಾಕಿಸಿಕೊಂಡರು. ಎಡವುವ ಜಾಗ ಇನ್ನೊಂದಿದೆ. ಹಸಿದವರು ಎದುರಿಗಿದ್ದಾಗ ಬಿಸಿಯೂಟದ ಅಕ್ಕಿ ಕೊಟ್ಟುಬಿಡುವುದು ಸಹಜ, ಆದರೆ ಅದು ಮಕ್ಕಳ ಲೆಕ್ಕದ ಅಕ್ಕಿ. ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹದ ಅಧಿಕಾರಿಯ ಬರಹದ ಸೂಚನೆ ಇದ್ದರೆ, ಎಷ್ಟು ಕೆ.ಜಿ., ಯಾರಿಗೆ, ಯಾವಾಗ ವಾಪಸು ಎಂದು ದಾಖಲಿಸಿ ಕೊಡಬಹುದು. ಪಾತ್ರೆ, ಒಲೆ ಕೊಡಲು ಅಡ್ಡಿಯಿಲ್ಲ.

ಮತ್ತೆ ಬಾಗಿಲು ತೆರೆಯುವ ಮುನ್ನ

ಶನಿವಾರವೂ ರಜೆ. ಭಾನುವಾರ ಮಳೆ ಹೊಳವಾಯಿತು, ಕುಟುಂಬಗಳು ನೆಂಟರ ಮನೆಗೆ ಹೋದವು. ಸೋಮವಾರ ಶಾಲೆ. ಭಾನುವಾರ ಮಧ್ಯಾಹ್ನ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಅಧ್ಯಕ್ಷರು, ಊರಿನ ಶಿಕ್ಷಕಿ ಸೇರಿ ಕಟ್ಟಡ ನೋಡಿದರು. ಹಂಚು ಸರಿದ ಕಡೆ ನೀರಿಳಿದು ಪಕ್ಕಾಸು (ಮಾಡಿನ ಇಳಿಜಾರು ಮರದ ತೊಲೆ) ಒದ್ದೆಯಾಗಿದೆಯೇ, ರೀಪು (ಹಂಚು ಕೂರುವ ಪಟ್ಟಿ) ಬಾಗಿದೆಯೇ ಎಂಬುದನ್ನು ಕೆಳಗಿನಿಂದಲೇ ನೋಡಬೇಕು. ಒದ್ದೆ ಮಾಡಿಗೆ ಹತ್ತುವುದು ಶಿಕ್ಷಕರ ಕೆಲಸವಲ್ಲ, ಹಂಚು ಹೊದೆಸುವವರನ್ನು ಕರೆಸಿ. ಗೋಡೆಯಲ್ಲಿ ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ವಾರ ಬಿಟ್ಟು ಬಿರುಕು ಗೆರೆ ದಾಟಿದ್ದರೆ ಗೋಡೆ ಇನ್ನೂ ಜಗ್ಗುತ್ತಿದೆ ಎಂದರ್ಥ. ಕೆಂಪುಕಲ್ಲಿನ ಗೋಡೆಯ ಗಾರೆ ಉಬ್ಬಿದ್ದರೆ, ಬುಡದ ಮಣ್ಣು ಕೊಚ್ಚಿಹೋಗಿದ್ದರೆ ಆ ಕೋಣೆಗೆ ಬೀಗ ಹಾಕಿ, ಬಾಗಿಲಿಗೆ ಚೀಟಿ ಅಂಟಿಸಿ, ಫೋಟೊ ಸಮೇತ ಬಿಇಒಗೆ ಬರೆಯಬೇಕು. ಸ್ವಿಚ್ ಬೋರ್ಡಿನಲ್ಲಿ ನೀರಿನ ಕಲೆ ಕಂಡರೆ ಮೇನ್ ಹಾಕಬಾರದು. ಈ ಶಾಲೆಯಲ್ಲಿ ಧರೆಯ ಬದಿಯ ಕೋಣೆಗೆ ಬೀಗ ಬಿತ್ತು, 4 ಮತ್ತು 5ನೇ ತರಗತಿ ಒಂದೇ ಕೋಣೆಗೆ ಬಂದವು.

ಬಾವಿಯ ಕೆಲಸವನ್ನು ಹೆಚ್ಚಿನವರು ಕಣ್ಣಂದಾಜಿನಲ್ಲಿ ಮುಗಿಸುತ್ತಾರೆ, ಒಂದು ಹಿಡಿ ಬ್ಲೀಚಿಂಗ್ ಪುಡಿ ಮೇಲಿನಿಂದ ಎರಚಿ. ಅದು ಸರಿಯಲ್ಲ. ಬಾವಿಯ ಅಡ್ಡಳತೆ 2.5 ಮೀ., ನೀರಿನ ಆಳ 4 ಮೀ. ಇದ್ದರೆ ನೀರು 3.14 × 2.5 × 2.5 × 4 ÷ 4, ಅಂದರೆ ಸುಮಾರು 19.6 ಘನ ಮೀಟರ್, 19,600 ಲೀಟರ್. 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿ. ಆದ್ದರಿಂದ 50 ಗ್ರಾಂ. ಅದನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಮೊದಲು ಗಟ್ಟಿಯಾಗಿ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ, 5–10 ನಿಮಿಷ ಬಿಡಬೇಕು. ಸುಣ್ಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರೊಳಗಿಳಿಸಿ ಮೇಲೆ ಕೆಳಗೆ ಜಗ್ಗಾಡಬೇಕು. ಸುಣ್ಣದ ಗಸಿ ಬಾವಿಗೆ ಹಾಕಬಾರದು, ನೀರು ಗಡಸಾಗುತ್ತದೆ. ಒಂದು ಗಂಟೆ ಯಾರೂ ನೀರು ಸೇದಬಾರದು. ತೆರೆದಿಟ್ಟ ಹಳೆ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಅಳತೆ ಸರಿಯಿದ್ದರೂ ಕೆಲಸ ಮಾಡುವುದಿಲ್ಲ. ಮಣ್ಣಿನ ಕೆಂಪು ನೀರು ಬಾವಿಗೆ ಸೇರಿದ್ದರೆ ಈ ಲೆಕ್ಕವೂ ಸಾಲದು. ಮೊದಲು ಆರೋಗ್ಯ ಇಲಾಖೆಯವರನ್ನು ಕರೆಸಿ ನೀರು ಪರೀಕ್ಷೆ ಮಾಡಿಸಬೇಕು, ಅಲ್ಲಿಯವರೆಗೆ ಕುದಿಸಿದ ನೀರು.

ದಾಸ್ತಾನಿನ ಲೆಕ್ಕ ಹೀಗಾಯಿತು. 1–5ರ ಮಗುವಿಗೆ 100 ಗ್ರಾಂ, 6–8ಕ್ಕೆ 150 ಗ್ರಾಂ ಧಾನ್ಯ. 58 ಮಕ್ಕಳಿಗೆ 5.8 ಕೆ.ಜಿ., 36 ಮಕ್ಕಳಿಗೆ 5.4, ದಿನಕ್ಕೆ 11.2. ನಾಲ್ಕು ದಿನಕ್ಕೆ 44.8 ಕೆ.ಜಿ. ಖರ್ಚಾಗದೆ ಉಳಿಯಿತು. ಕ್ಷೀರಭಾಗ್ಯದ ಹಾಲಿನ ಪುಡಿ ಮಗುವಿಗೆ 18 ಗ್ರಾಂನಂತೆ ದಿನಕ್ಕೆ 1.7 ಕೆ.ಜಿ. ಹತ್ತಿರ. ಪುಡಿಯ ತೆರೆದ ಪೊಟ್ಟಣ ಮಳೆಗಾಲದಲ್ಲಿ ಎರಡು ದಿನಕ್ಕೇ ಗಂಟು ಕಟ್ಟುತ್ತದೆ, ಅದನ್ನು ಮಂಗಳವಾರವೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಬೇಕಿತ್ತು. ಇಲ್ಲಿ ಹಾಕಿರಲಿಲ್ಲ, ಅರ್ಧ ಪೊಟ್ಟಣ ಹೋಯಿತು.

29 ಅವಧಿಗಳನ್ನು ತುಂಬುವುದು

ಶಿಕ್ಷಣ ಹಕ್ಕು ಕಾಯ್ದೆ ವರ್ಷಕ್ಕೆ 1–5ನೇ ತರಗತಿಗೆ ಕನಿಷ್ಠ 200 ದಿನ, 800 ಗಂಟೆ, 6–8ಕ್ಕೆ 220 ದಿನ, 1,000 ಗಂಟೆ ಕೇಳುತ್ತದೆ. ರಾಜ್ಯದ ವಾರ್ಷಿಕ ಯೋಜನೆಯಲ್ಲಿ ಶಾಲಾ ದಿನಗಳು 240ರ ಆಸುಪಾಸಿನಲ್ಲಿರುವುದರಿಂದ ನಾಲ್ಕು ದಿನ ಹೋದರೆ ಕಾಯ್ದೆ ಮುರಿಯುವುದಿಲ್ಲ. ಆದರೆ ಪರೀಕ್ಷೆ, ಮೌಲ್ಯಮಾಪನ, ಕ್ರೀಡಾಕೂಟ, ಪ್ರತಿಭಾ ಕಾರಂಜಿ ಕಳೆದರೆ ಪಾಠಕ್ಕೆ ಉಳಿಯುವುದು ಅಷ್ಟಿಲ್ಲ. 24ನೇ ಸೆಕ್ಷನ್ ಪಠ್ಯಕ್ರಮ ಮುಗಿಸುವುದನ್ನು ಶಿಕ್ಷಕರ ಕರ್ತವ್ಯ ಎನ್ನುತ್ತದೆ. ಆದ್ದರಿಂದ ತುಂಬುವುದು ಬೇಕು. ಹೇಗೆ ಎಂಬುದರಲ್ಲಿ ಎಡವಟ್ಟು.

ಅತಿ ಸಾಮಾನ್ಯ ಎಡವಟ್ಟೆಂದರೆ ಒಂದು ಶನಿವಾರ ಪೂರ್ತಿ ನಡೆಸಿ ಒಂದು ದಿನ ತುಂಬಿದೆವು ಎಂದು ಬರೆಯುವುದು. ಈ ಶಾಲೆಯ ವೇಳಾಪಟ್ಟಿಯಲ್ಲಿ ದಿನಕ್ಕೆ 40 ನಿಮಿಷದ 8 ಅವಧಿ, ಶನಿವಾರ 5. ಶನಿವಾರ ಪೂರ್ತಿ ಮಾಡಿದರೆ ಹೆಚ್ಚಾಗಿ ಸಿಗುವುದು 3 ಅವಧಿ ಮಾತ್ರ. ಬುಧ, ಗುರು, ಶುಕ್ರಕ್ಕೆ 24, ಶನಿವಾರಕ್ಕೆ 5, ಒಟ್ಟು ಹೋದದ್ದು 29 ಅವಧಿ, ಅಂದರೆ 19 ಗಂಟೆ 20 ನಿಮಿಷ. ಬರೀ ಶನಿವಾರಗಳಿಂದ ತುಂಬಲು ಹತ್ತು ಶನಿವಾರ ಬೇಕು, ದಸರಾ ಹೊತ್ತಿಗೆ ಅಷ್ಟು ಉಳಿಯುವುದೇ ಅನುಮಾನ. ಶಾಲೆಯ ಯೋಜನೆ: ಏಳು ಶನಿವಾರ ಪೂರ್ತಿ, 21 ಅವಧಿ. ಒಂದು ಸ್ಥಳೀಯ ರಜೆ ಬಿಟ್ಟುಕೊಟ್ಟು 8. ಎಸ್‌ಡಿಎಂಸಿ ಸಭೆಯಲ್ಲಿ ನಡಾವಳಿ ಬರೆದು ಬಿಇಒ ಅನುಮೋದನೆಗೆ ಕಳಿಸಿದರು. ಭಾನುವಾರ ಬೇಡವೆಂದರು, ಆ ದಾರಿಯ ಬಸ್ಸು ಭಾನುವಾರ ಓಡುವುದಿಲ್ಲ. ದಿನಾ ಸಂಜೆ ಒಂದು ಅವಧಿ ಹೆಚ್ಚಿಸೋಣ ಎಂಬ ಸಲಹೆಯನ್ನೂ ಬಿಟ್ಟರು, ಮಳೆಗಾಲದಲ್ಲಿ ಐದಕ್ಕೇ ಕಾಡುದಾರಿ ಕತ್ತಲು.

ಪೂರ್ತಿ ಶನಿವಾರಕ್ಕೆ ಮೂರು ಕೊಂಡಿ ಮುಂಚೆಯೇ ಸರಿಯಾಗಿರಬೇಕು. ಊಟದ ಹೊತ್ತು ಬದಲಾಗುತ್ತದೆ, ಅಡುಗೆಯವರಿಗೆ ಶುಕ್ರವಾರ ಹೇಳಬೇಕು. ಮಧ್ಯಾಹ್ನದ ಬಸ್ಸಿನ ಬದಲು ಸಂಜೆಯದು ಎಂದು ಪೋಷಕರಿಗೆ ತಿಳಿಸಬೇಕು. ಕ್ಲಸ್ಟರಿನ ಸಮಾಲೋಚನಾ ಸಭೆ ಇರುವ ಶನಿವಾರ ಬಿಡಬೇಕು, ಇಲ್ಲವಾದರೆ ಶಿಕ್ಷಕರು ಸಭೆಯಲ್ಲಿ, ಮಕ್ಕಳು ಒಬ್ಬರ ಸುಪರ್ದಿಯಲ್ಲಿ, ಪಾಠ ಕಾಗದದಲ್ಲಿ.

ಯಾವ ವಿಷಯಕ್ಕೆ ಎಷ್ಟು ಎಂಬುದನ್ನು ಹೋದ ದಿನಗಳ ವೇಳಾಪಟ್ಟಿಯೇ ಹೇಳುತ್ತದೆ. 6 ಮತ್ತು 7ನೇ ತರಗತಿಗಳಿಗೆ ಗಣಿತ, ವಿಜ್ಞಾನ, ಇಂಗ್ಲಿಷ್‌ಗೆ ಆದ್ಯತೆ ಕೊಟ್ಟರು. ರೂಪಣಾತ್ಮಕ ಮೌಲ್ಯಮಾಪನದ ಪಾಠಗಳು ಅಲ್ಲೇ ಸಿಕ್ಕಿಕೊಂಡಿದ್ದವು. 1–3ರ ನಲಿಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕೆಯಲ್ಲಿ ಈ ತಲೆನೋವಿಲ್ಲ. ಮಗು ಕಲಿಕಾ ಏಣಿಯಲ್ಲಿ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ, ಅಲ್ಲಿ ಬೇಕಾದ್ದು ಸಮಯವಷ್ಟೇ, ಪಾಠ ಹಿಡಿಯುವ ಓಟವಲ್ಲ. ಒಂದು ದಿನದ ರಜೆಗೆ ಮನೆಕೆಲಸ ಕಳಿಸುವ ಅಗತ್ಯ ಕಾಣುವುದಿಲ್ಲ. ಕರೆಂಟಿಲ್ಲದ, ನೆಟ್‌ವರ್ಕಿಲ್ಲದ ಊರಿಗೆ ಆನ್‌ಲೈನ್ ತರಗತಿ ಎನ್ನುವುದಂತೂ ತೋರಿಕೆಗೆ. ಎರಡನೇ ದಿನವೂ ರಜೆಯಾದರೆ ಪಠ್ಯಪುಸ್ತಕದ ಪುಟ ಹೇಳಿ ಓದಿಸುವುದು, ಮಗ್ಗಿ ಬರೆಸುವುದು ಸಾಕು.

ಖಾಸಗಿ ಶಾಲೆಗಳ ಮಾತು ಚುಟುಕಾಗಿ. ಜಿಲ್ಲಾಧಿಕಾರಿಯ ಆದೇಶ ಅವಕ್ಕೂ ಅನ್ವಯ. ಮಕ್ಕಳನ್ನು ಕರೆಸುವಂತಿಲ್ಲ. ಶಿಕ್ಷಕರನ್ನು ಮಾತ್ರ ಕರೆಸುವ ಆಡಳಿತ ಮಂಡಳಿಗಳಿವೆ. ಅದು ಮುಂಚಿತವಾಗಿ ನೇಮಕದ ಷರತ್ತಿನಲ್ಲೋ ಸುತ್ತೋಲೆಯಲ್ಲೋ ಇದ್ದರೆ ಜಗಳ ಕಡಿಮೆ. ತಲಪಾಡಿಯ ಗಡಿಯಲ್ಲಿ ಇನ್ನೊಂದು ಗೊಂದಲ. ಮಂಗಳೂರಿನಲ್ಲಿ ಮನೆ ಮಾಡಿ ಮಂಜೇಶ್ವರ ಕಡೆಯ ಕನ್ನಡ ಶಾಲೆಯಲ್ಲಿ ಪಾಠ ಮಾಡುವವರಿಗೆ ಅನ್ವಯಿಸುವುದು ಕಾಸರಗೋಡು ಕಲೆಕ್ಟರ್ ಆದೇಶ, ಮನೆ ಇರುವ ಜಿಲ್ಲೆಯದ್ದಲ್ಲ. ತನ್ನ ಮಗುವಿಗೆ ರಜೆ, ತನಗಿಲ್ಲ. ಮತ್ತೆ ನಮ್ಮ ಪ್ರಕರಣದ ಶಾಲೆಗೆ ಬಂದರೆ, ಅತಿಥಿ ಶಿಕ್ಷಕಿಯ ಗೌರವಧನದ ಬಿಲ್ಲಿಗೆ ನಾಲ್ಕೂ ಆದೇಶಗಳ ಪ್ರತಿ ಲಗತ್ತಿಸಿದ್ದರಿಂದ ಕಡಿತದ ಮಾತು ಬರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಮುಖ್ಯ ಶಿಕ್ಷಕರು ಕಳಿಸಿದ ಕಡತದಲ್ಲಿ ಆದೇಶಗಳ ಪ್ರತಿ, ಎಸ್‌ಡಿಎಂಸಿ ನಡಾವಳಿ, ಅವಧಿವಾರು ಪಟ್ಟಿ, ಪ್ರತಿ ಪೂರ್ತಿ ಶನಿವಾರದ ಮಕ್ಕಳ ಹಾಜರಿ ಇದ್ದವು. ಬಿಇಒ ಕಚೇರಿ ಏಳರಲ್ಲಿ ಆರು ಶನಿವಾರ ಒಪ್ಪಿ ಒಂದನ್ನು ತಳ್ಳಿತು. ಆ ದಿನ ಮಕ್ಕಳ ಹಾಜರಿ 81, ಬಿಸಿಯೂಟದ ಪುಸ್ತಕದಲ್ಲಿ ಊಟ ಬಡಿಸಿದ ಹೊತ್ತು ಎಂದಿನ ಅರ್ಧ ದಿನದ್ದು. ಮಧ್ಯಾಹ್ನದ ನಂತರ ಮಕ್ಕಳಿದ್ದರು ಎಂಬುದಕ್ಕೆ ಅಪರಾಹ್ನದ ಹಾಜರಿ ಕರೆದಿರಲಿಲ್ಲ. ಆ 3 ಅವಧಿಗಳನ್ನು ಅಕ್ಟೋಬರಿನ ಇನ್ನೊಂದು ಶನಿವಾರ, ಎರಡೂ ಹೊತ್ತು ಹಾಜರಿ ಕರೆದು ಮುಗಿಸಿದರು.